ಮುಳ್ಳಿಲ್ಲದ ಕಳ್ಳಿ

ಅಮೆರಿಕೆಯ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿ ಮ್ಯಾಸಚೂಸೆಟ್ಸ್ ಎಂಬ ಪ್ರಾಂತ್ಯವಿದೆ. ಅಲ್ಲಿನ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿ 1849ನೆಯ ಇಸವಿ ಮಾರ್ಚ್ 7ರಂದು ಲೂಥರ್ ಬರ್ಬ್ಯಾಂಕ್ ಹುಟ್ಟಿದನು. ತಂದೆ ಬೇಸಾಯಗಾರ, ಹೊಲದ ಕೆಲಸದ ಜೊತೆಗೆ ಇಟ್ಟಿಗೆ ಸುಡುವ ಕಸುಬನ್ನೂ ನಡೆಸುತ್ತಿದ್ದನು. ತಂದೆಯ ಮಕ್ಕಳಲ್ಲಿ ಲೂಥರ್ ಹದಿಮೂರನೆಯವನು. ಮೈಕಟ್ಟು ಸಣ್ಣದು, ಸ್ವಭಾವ ನಾಚಿಕೆಯದು. ನಡೆಯಲು ಕಲಿತ ವಯಸ್ಸಿನಲ್ಲಿ ಇತರ ಮಕ್ಕಳು ಬೊಂಬೆಯನ್ನೋ ನಾಯಿಮರಿಯನ್ನೋ ಎತ್ತಿಕೊಂಡು ಓಡಾಡಿದರೆ, ಈ ಮಗು ಗಿಡ ನೆಟ್ಟ ಕುಂಡವನ್ನು ಎದೆಗವಚಿಕೊಂಡು ಮನೆಯೆಲ್ಲ ಸುತ್ತುತ್ತಿತ್ತು. ಅದರ ಅಚ್ಚುಮೆಚ್ಚಿನ ಗಿಡ ಒಂದು ಕಳ್ಳಿ. ಬ್ರೆಜಿಲ್ ದೇಶದ ಕಾಡುಗಳಲ್ಲಿ ಮರದ ಕೊಂಬೆಗಳ ಮೇಲೆ ಬೆಳೆಯುವ ಜಾತಿ ಅದು. ಅದರ ಚಪ್ಪಟೆಯಾದ ಕಾಂಡದ ತುಣುಕುಗಳು ಏಡಿಯ ಕಾಲುಗಳಂತೆ ಒಂದಕ್ಕೊಂದು ಸೇರಿಕೊಂಡಿರುತ್ತವೆ, ಚುಚ್ಚುವ ಮುಳ್ಳುಗಳಿರುವುದಿಲ್ಲ. ಒಂದು ದಿನ ಮಗು ಎಡವಿ ಬಿದ್ದಿತು. ಕುಂಡವೂ ಗಿಡವೂ ಮುರಿದುಹೋದುವು. ಆ ದುಃಖವನ್ನು ಮನೆಯವರು ಬಹುಕಾಲ ನೆನಪಿನಲ್ಲಿಟ್ಟುಕೊಂಡಿದ್ದರು.

ಲೂಥರನ ಶಾಲಾ ವಿದ್ಯಾಭ್ಯಾಸ ಊರಿನ ಶಾಲೆಯಲ್ಲಿಯೇ ಮುಗಿಯಿತು. ಕಾಲೇಜಿನ ಮೆಟ್ಟಿಲನ್ನು ಅವನು ಹತ್ತಲಿಲ್ಲ. ಕೆಲಕಾಲ ನೇಗಿಲು ತಯಾರಿಸುವ ಕಾರ್ಖಾನೆಯಲ್ಲಿ ಮರಗೆಲಸ ಮಾಡಿದನು. 1868ರಲ್ಲಿ ತಂದೆ ತೀರಿಕೊಂಡನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಾರ್ವಿನ್ನನ ಹೊಸ ಗ್ರಂಥವೊಂದು ಪ್ರಕಟವಾಗಿತ್ತು. ಮನುಷ್ಯನು ಸಾಕಿದ ಪ್ರಾಣಿಗಳಲ್ಲಿಯೂ ಬೆಳೆಸಿದ ಸಸ್ಯಗಳಲ್ಲಿಯೂ ಕಾಣುವ ವ್ಯತ್ಯಾಸಗಳನ್ನು ಅದು ವಿವರಿಸುತ್ತಿತ್ತು. ಒಂದೇ ಗಿಡದ ಬೀಜಗಳಿಂದ ಹುಟ್ಟಿದ ಸಸಿಗಳು ಒಂದರಂತೆ ಒಂದಿರುವುದಿಲ್ಲ. ಅವುಗಳಲ್ಲಿ ಬೇಕಾದುದನ್ನು ಆರಿಸಿ, ಅದರ ಸಂತತಿಯಲ್ಲಿ ಮತ್ತೆ ಆರಿಸಿ, ಹೀಗೆ ತಲೆಮಾರಿನ ಮೇಲೆ ತಲೆಮಾರು ನಡೆದರೆ ಸಸ್ಯದ ರೂಪವೇ ಬದಲಾಗುತ್ತದೆ. ಈ ಗ್ರಂಥವನ್ನು ಓದಿದ ಯುವಕನಿಗೆ ತನ್ನ ಜೀವನದ ದಾರಿ ಕಂಡಿತು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವನು ಹತ್ತಿರದ ಊರಿನಲ್ಲಿ 17 ಎಕರೆ ಭೂಮಿಯನ್ನು ಕೊಂಡು ತರಕಾರಿ ಬೆಳೆಯತೊಡಗಿದನು.

ಅಲ್ಲಿ ಅವನಿಗೆ ಒಲಿದುದು ಆಲೂಗೆಡ್ಡೆ. ಆಲೂಗೆಡ್ಡೆಯನ್ನು ಸಾಮಾನ್ಯವಾಗಿ ಗೆಡ್ಡೆಯ ತುಂಡುಗಳಿಂದ ಬೆಳೆಯುತ್ತಾರೆ. ಅದು ಕಾಯಿ ಕಟ್ಟಿ ಬೀಜ ಬಿಡುವುದು ಅಪರೂಪ. ಅರ್ಲಿ ರೋಸ್ ಎಂಬ ತಳಿಯ ಒಂದು ಗಿಡದಲ್ಲಿ ಬರ್ಬ್ಯಾಂಕನು ಒಂದು ಬೀಜದ ಕಾಯಿಯನ್ನು ಕಂಡನು; ಅದು ಮಾಗಲೆಂದು ದಿನವೂ ಕಾದನು. ಒಂದು ದಿನ ಹೋಗಿ ನೋಡಿದರೆ ಕಾಯಿ ಮಾಯವಾಗಿತ್ತು! ಮಣ್ಣಿನ ಮೇಲೆ ಕುಳಿತು ಅಂಗುಲ ಅಂಗುಲವಾಗಿ ಹುಡುಕಿದ ಮೇಲೆ ಕೆಲವು ಅಡಿಗಳ ದೂರದಲ್ಲಿ ಅದು ಸಿಕ್ಕಿತು. ಅದರಲ್ಲಿದ್ದ 23 ಬೀಜಗಳಿಂದ 23 ಬಗೆಯ ಗಿಡಗಳು ಬಂದುವು. ಅವುಗಳಲ್ಲಿ ಒಂದು ದೊಡ್ಡದಾದ, ನುಣುಪಾದ ಗೆಡ್ಡೆಗಳನ್ನು ಬಿಟ್ಟಿತು. ಬೀಜದ ವ್ಯಾಪಾರಿಯೊಬ್ಬನು ಅದರ ಹಕ್ಕನ್ನು 150 ಡಾಲರಿಗೆ ಕೊಂಡನು. ಹತ್ತು ಗೆಡ್ಡೆಗಳನ್ನು ಮಾತ್ರ ಬರ್ಬ್ಯಾಂಕನು ತನ್ನ ಬಳಿ ಉಳಿಸಿಕೊಳ್ಳಬಹುದೆಂದು ಒಪ್ಪಂದವಾಯಿತು. ಇಂದು ಅಮೆರಿಕೆಯಲ್ಲಿ ಬಹಳವಾಗಿ ಬೆಳೆಯುವ ರಸೆಟ್ ಬರ್ಬ್ಯಾಂಕ್ ಆಲೂಗೆಡ್ಡೆ ಈ ತಳಿಯಿಂದಲೇ ಬಂದುದು.

1875ರಲ್ಲಿ ಆ ಹತ್ತು ಗೆಡ್ಡೆಗಳನ್ನು ಕಟ್ಟಿಕೊಂಡು ಬರ್ಬ್ಯಾಂಕನು ರೈಲು ಹತ್ತಿದನು. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಪಯಣ. ಪಶ್ಚಿಮ ತೀರದ ಕ್ಯಾಲಿಫೋರ್ನಿಯದಲ್ಲಿ ಅವನ ಅಣ್ಣಂದಿರು ಮೊದಲೇ ನೆಲಸಿದ್ದರು. ಅವನು ಸಾಂತಾ ರೋಸಾ ಎಂಬ ಸಣ್ಣ ಊರನ್ನು ಆರಿಸಿಕೊಂಡನು. ಅಲ್ಲಿ ಚಳಿಗಾಲದಲ್ಲಿ ಮಳೆ, ಬೇಸಗೆಯಲ್ಲಿ ಒಣಹವೆ. ಗಿಡಗಳಿಗೆ ಹೇಳಿ ಮಾಡಿಸಿದ ನೆಲ. ಆದರೆ ಗಿಡಗಳಿಗೆ ಹಿತವಾದ ಊರು ಅವನ ಹೊಟ್ಟೆಗೆ ಒಡನೆಯೇ ಅನ್ನವನ್ನು ಕೊಡಲಿಲ್ಲ. ಬಡಗಿಯ ಕೂಲಿ, ಸಿಕ್ಕಿದ ಚಿಲ್ಲರೆ ಕೆಲಸ ಇವುಗಳಿಂದ ದಿನ ದೂಡಿದನು, ಕಾಯಿಲೆಯನ್ನೂ ಅನುಭವಿಸಿದನು. ಎರಡು ವರ್ಷಗಳ ಮೇಲೆ ತಾಯಿಯೂ ತಂಗಿಯೂ ಬಂದು ಸೇರಿಕೊಂಡರು. ಅಷ್ಟುಹೊತ್ತಿಗೆ ಒಂದು ಸಣ್ಣ ಸಸಿತೋಟ ಆರಂಭವಾಗಿತ್ತು.

1881ರಲ್ಲಿ ನಡೆದ ಒಂದು ಸಂಗತಿ ಅವನ ಹೆಸರನ್ನು ಸುತ್ತಲಿನ ಪ್ರದೇಶದಲ್ಲೆಲ್ಲ ಹಬ್ಬಿಸಿತು. ಧನಿಕನೊಬ್ಬನಿಗೆ ಅದೇ ವರ್ಷದ ಕೊನೆಯೊಳಗೆ ಇಪ್ಪತ್ತು ಸಾವಿರ ಪ್ರೂನ್ ಸಸಿಗಳು ಬೇಕಾಗಿದ್ದುವು. ಸಸಿಗಳನ್ನು ಬೆಳೆಸಿ ಕಸಿ ಮಾಡಿ ಕೊಡಲು ಎರಡು ಮೂರು ವರ್ಷಗಳಾದರೂ ಹಿಡಿಯುತ್ತವೆಂದು ಬೇರೆಲ್ಲ ತೋಟಗಾರರು ಕೈಚೆಲ್ಲಿದರು. ಬರ್ಬ್ಯಾಂಕನು ಒಪ್ಪಿಕೊಂಡನು. ಬಾದಾಮಿಯ ಬೀಜ ಬೇಗ ಮೊಳೆಯುತ್ತದೆ, ಬೇಗ ಬೆಳೆಯುತ್ತದೆ; ಅದು ಪ್ರೂನ್ ಮರದ ದಾಯಾದಿಯೂ ಹೌದು. ಆದುದರಿಂದ ಬಾದಾಮಿಯ ಸಸಿಗಳನ್ನು ಎಬ್ಬಿಸಿ, ಬೇಸಗೆಯಲ್ಲಿ ಅವುಗಳಿಗೆ ಪ್ರೂನ್ ಮೊಗ್ಗುಗಳನ್ನು ಕೂಡಿಸಿದನು. ವರ್ಷ ಮುಗಿಯುವ ಮೊದಲು, ಕೇಳಿದ ಸಂಖ್ಯೆಗೆ ತುಸುವೇ ಕಡಮೆಯಾಗಿ, ಸಸಿಗಳು ಸಿದ್ಧವಾಗಿದ್ದುವು.

ಸಸಿಗಳನ್ನು ಮಾರಿ ಬದುಕುವುದು ಬೇರೆ, ಹೊಸ ತಳಿಗಳನ್ನು ಹುಟ್ಟಿಸುವುದು ಬೇರೆ. ಬರ್ಬ್ಯಾಂಕನ ಮನಸ್ಸು ಎರಡನೆಯದರಲ್ಲಿತ್ತು. ಸಾಂತಾ ರೋಸಾದ ಮನೆಯ ಸುತ್ತ ನಾಲ್ಕು ಎಕರೆ, ಏಳೆಂಟು ಮೈಲಿಗಳಾಚೆ ಸೆಬಾಸ್ಟಪೂಲಿನ ಬಳಿ ಇನ್ನೊಂದು ತೋಟ: ಇವೇ ಅವನ ಪ್ರಯೋಗಶಾಲೆಗಳು. 1889ರಲ್ಲಿ ಮನೆಯ ಪಕ್ಕದಲ್ಲಿ ಒಂದು ಗಾಜಿನ ಮನೆಯನ್ನು ಕಟ್ಟಿದನು. 1906ರ ಭೀಕರ ಭೂಕಂಪದಲ್ಲಿ ಊರೇ ನೆಲಸಮವಾದಾಗ ಆ ಗಾಜಿನ ಮನೆ ಉಳಿಯಿತು. ಒಂದು ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ಸೋಕಿಸುವುದು, ಬಂದ ಬೀಜವನ್ನು ಮರಳು ತುಂಬಿದ ತಟ್ಟೆಗಳಲ್ಲಿ ಬಿತ್ತುವುದು, ಸಾವಿರಾರು ಸಸಿಗಳ ನಡುವೆ ನಡೆದಾಡುತ್ತ ಒಳ್ಳೆಯದನ್ನು ಗುರುತಿಸುವುದು, ಉಳಿದುದನ್ನು ಕಿತ್ತು ರಾಶಿ ಹಾಕಿ ಬೆಂಕಿಯಿಡುವುದು, ಇದು ಅವನ ಕ್ರಮ. ಹತ್ತಾರು ಸಾವಿರ ಗಿಡಗಳನ್ನು ಒಂದೇ ಸಲ ಸುಟ್ಟುದೂ ಉಂಟು. ನೋಡಿದವರ ಹೊಟ್ಟೆ ಉರಿಯುತ್ತಿತ್ತು; ಅವನ ಕಣ್ಣು ಮಾತ್ರ ಉಳಿಸಿಕೊಂಡ ಒಂದೆರಡು ಗಿಡಗಳ ಮೇಲಿರುತ್ತಿತ್ತು. ಹೀಗೆ ಶಾಸ್ತಾ ಡೈಸಿ ಎಂಬ ಬಿಳಿಯ ಹೂವು, ಸಾಂತಾ ರೋಸಾ ಪ್ಲಮ್ ಮೊದಲಾದ ಎಂಟುನೂರಕ್ಕೂ ಮಿಕ್ಕ ತಳಿಗಳು ಆ ತೋಟಗಳಿಂದ ಹೊರಬಂದುವು.

ಇವೆಲ್ಲವುಗಳಿಗಿಂತ ಅವನನ್ನು ಹೆಚ್ಚು ಕಾಡಿದ ಸಸ್ಯ ಕಳ್ಳಿ. ಅಮೆರಿಕೆಯ ನೈಋತ್ಯ ಭಾಗದಲ್ಲಿಯೂ ಮೆಕ್ಸಿಕೋ ದೇಶದಲ್ಲಿಯೂ ಮಳೆ ಅಪರೂಪವಾದ ವಿಶಾಲ ಭೂಮಿಗಳಿವೆ. ಅಲ್ಲಿ ಹುಲ್ಲು ಒಣಗಿದಾಗಲೂ ಹಸುರಾಗಿ ನಿಲ್ಲುವುದು ಕಳ್ಳಿಯೊಂದೇ. ಕನ್ನಡ ನಾಡಿನ ಬೇಲಿಗಳಲ್ಲಿ ಕಾಣುವ ಪಾಪಾಸುಕಳ್ಳಿ ಈ ಕುಲಕ್ಕೆ ಸೇರಿದುದು. ಅದರ ತೌರು ಅಮೆರಿಕ ಖಂಡವೇ. (ಮುರಿದರೆ ಹಾಲು ಸುರಿಸುವ ನಮ್ಮ ಕಳ್ಳಿಗಳು ಬೇರೆ ಕುಟುಂಬದವು, ಹೆಸರು ಒಂದೇ ಆದರೂ ನೆಂಟಸ್ತಿಕೆ ಇಲ್ಲ.) ಪಾಪಾಸುಕಳ್ಳಿಯ ಒಳಗೆ ತೂಕದ ಬಹುಪಾಲು ನೀರೇ. ಬರಗಾಲದಲ್ಲಿ ದನಗಳಿಗೆ ಅದು ಮೇವೂ ಹೌದು, ನೀರೂ ಹೌದು. ತೊಡಕೆಂದರೆ ಮುಳ್ಳು. ಟೆಕ್ಸಾಸ್ ಪ್ರಾಂತ್ಯದ ದನಗಾಹಿಗಳು ಬೆಂಕಿಯ ಜ್ವಾಲೆಯಿಂದ ಮುಳ್ಳುಗಳನ್ನು ಸುಟ್ಟು ದನಗಳಿಗೆ ಹಾಕುತ್ತಿದ್ದರು. ಸುಡದೆ ತಿಂದ ದನದ ಬಾಯಿ, ಗಂಟಲು, ಕರುಳು ಹುಣ್ಣಾಗುತ್ತಿದ್ದುವು. ಮುಳ್ಳೇ ಇಲ್ಲದ ಕಳ್ಳಿಯನ್ನು ಬೆಳೆಸಿದರೆ ಮರುಭೂಮಿಯೇ ಹುಲ್ಲುಗಾವಲಾದೀತೆಂಬ ಯೋಚನೆ ಬರ್ಬ್ಯಾಂಕನನ್ನು ಹಿಡಿದುಕೊಂಡಿತು.

ಕಳ್ಳಿಗೆ ಮುಳ್ಳು ಸುಮ್ಮನೆ ಬಂದುದಲ್ಲ. ಎಲೆಗಳಿದ್ದರೆ ಅವುಗಳ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಆದುದರಿಂದ ಕಳ್ಳಿ ಎಲೆಗಳನ್ನೇ ತೊರೆದಿದೆ. ಎಲೆಗಳಿರಬೇಕಾದ ಎಡೆಯಲ್ಲಿ ಮುಳ್ಳುಗಳಿವೆ. ಜನ ಎಲೆಯೆಂದು ಕರೆಯುವ ಚಪ್ಪಟೆಯಾದ ಹಸುರು ಹಲಗೆ ನಿಜವಾಗಿ ಕಾಂಡ. ಆಹಾರ ತಯಾರಿಸುವ ಕೆಲಸವನ್ನೂ ನೀರು ಕೂಡಿಡುವ ಕೆಲಸವನ್ನೂ ಅದೇ ಮಾಡುತ್ತದೆ. ಅದರ ಮೈಮೇಲೆ ಮೇಣದಂತಹ ಲೇಪವಿದೆ. ಒಳಗಿನ ಲೋಳೆ ನೀರನ್ನು ಬಿಗಿಹಿಡಿಯುತ್ತದೆ. ಬೇರುಗಳು ಆಳಕ್ಕೆ ಹೋಗದೆ ಮೇಲ್ಮಣ್ಣಿನಲ್ಲಿಯೇ ದೂರದವರೆಗೆ ಹರಡಿ, ಒಂದು ಸಣ್ಣ ಮಳೆ ಬಿದ್ದರೂ ಅವಸರದಿಂದ ಹೀರಿಕೊಳ್ಳುತ್ತವೆ. ಇನ್ನೂ ಒಂದು ವಿಶೇಷವುಂಟು. ಉಳಿದ ಸಸ್ಯಗಳು ಹಗಲಿನಲ್ಲಿ ತಮ್ಮ ಸೂಕ್ಷ್ಮರಂಧ್ರಗಳನ್ನು ತೆರೆದರೆ, ಕಳ್ಳಿ ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಆಗ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು ಬಿಸಿಲಿನ ನೆರವಿನಿಂದ ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿದ್ದು ಮಧ್ಯಾಹ್ನಕ್ಕೆ ಸಪ್ಪೆಯಾಗುವುದನ್ನು ನಾಲಗೆಯಿಂದಲೇ ಕಂಡುಕೊಂಡು 1815ರ ಸುಮಾರಿನಲ್ಲಿ ಜಗತ್ತಿಗೆ ತಿಳಿಸಿದವನು ಬೆಂಜಮಿನ್ ಹೈನ್. ಬೆಂಗಳೂರಿನ ಲಾಲ್‌ಬಾಗ್ ಕೆಲಕಾಲ ಇವನ ಉಸ್ತುವಾರಿಯಲ್ಲಿತ್ತು.

ಈ ಗುಣಗಳಿಂದಾಗಿ ಕಳ್ಳಿಯನ್ನು ಸಾಕುವುದು ಸುಲಭವೆಂದು ತೋರುತ್ತದೆ. ಸುಲಭವೇ ಹೌದು, ಆದರೆ ಬೇರೆ ಗಿಡಗಳನ್ನು ಸಾಕಿದ ಕೈ ಇಲ್ಲಿ ತಪ್ಪು ಮಾಡುತ್ತದೆ. ತುಳಸಿಗೋ ಗುಲಾಬಿಗೋ ದಿನವೂ ನೀರೆರೆಯುವವರು ಕಳ್ಳಿಗೂ ಹಾಗೆಯೇ ಎರೆಯುತ್ತಾರೆ. ಬೇರು ಕೊಳೆತು, ಬುಡ ಮೆತ್ತಗಾಗಿ, ಗಿಡ ಒಂದು ದಿನ ಕುಸಿದುಬೀಳುತ್ತದೆ. ಕುಂಡದಲ್ಲಿ ಸಾಯುವ ಕಳ್ಳಿಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಹೆಚ್ಚು. ತಳದಲ್ಲಿ ತೂತಿರುವ ಮಣ್ಣಿನ ಕುಂಡ, ಅರ್ಧದಷ್ಟಾದರೂ ದಪ್ಪ ಮರಳು ಬೆರೆಸಿದ ಮಣ್ಣು, ಒಳ್ಳೆಯ ಬಿಸಿಲು, ಇಷ್ಟಿದ್ದರೆ ಸಾಕು. ನೀರೆರೆದಾಗ ತಳದಿಂದ ಹರಿದುಹೋಗುವಂತೆ ತುಂಬ ಎರೆಯಬೇಕು. ಮಣ್ಣು ಪೂರ್ತಿಯಾಗಿ ಒಣಗುವವರೆಗೆ ಮತ್ತೆ ಮುಟ್ಟಬಾರದು. ಚಳಿಗಾಲದಲ್ಲಿ ಗಿಡ ನಿದ್ದೆಹೋಗುವುದರಿಂದ ಆಗ ನೀರು ಇನ್ನೂ ಕಡಮೆ. ಕಳ್ಳಿಯ ಹಲಗೆಯನ್ನು ಕತ್ತರಿಸಿ ನೆಡುವಾಗಲೂ ಆತುರ ಸಲ್ಲದು. ಗಾಯ ಹಸಿಯಾಗಿರುವಾಗಲೇ ನೆಟ್ಟರೆ ಕೊಳೆಯುತ್ತದೆ. ಒಂದೆರಡು ವಾರ ನೆರಳಿನಲ್ಲಿಟ್ಟು, ಕತ್ತರಿಸಿದ ಭಾಗ ಬಾಡಿ ಗಟ್ಟಿಯಾದ ಮೇಲೆ ಮರಳುಮಣ್ಣಿನಲ್ಲಿ ನೆಡಬೇಕು. ಬರ್ಬ್ಯಾಂಕನೂ ತನ್ನ ಹಲಗೆಗಳನ್ನು ಕೊಂಡವರಿಗೆ ಹಾಗೆಯೇ ಸಲಹೆ ಕೊಡುತ್ತಿದ್ದನು.

ಅವನು ನಾನಾ ದೇಶಗಳಿಂದ ಕಳ್ಳಿಗಳನ್ನು ತರಿಸಿದನು. ಮೆಕ್ಸಿಕೋದಿಂದ ಬಂದುವು, ಮೆಡಿಟರೇನಿಯನ್ ತೀರದಿಂದ ಬಂದುವು, ಅಮೆರಿಕೆಯ ಕೃಷಿ ಇಲಾಖೆಯ ಡೇವಿಡ್ ಫೇರ್‌ಚೈಲ್ಡ್ ಎಂಬ ಸಸ್ಯಸಂಗ್ರಾಹಕನು ನೆರವಾದನು. ಇವುಗಳಲ್ಲಿ ಮುಳ್ಳು ಕಡಮೆಯಿದ್ದ ಜಾತಿಗಳೂ ಇದ್ದುವು. ಮುಳ್ಳಿಲ್ಲದ ಕಳ್ಳಿಯನ್ನು ಸೊನ್ನೆಯಿಂದ ಸೃಷ್ಟಿಸಿದವನು ಬರ್ಬ್ಯಾಂಕನೆಂದು ಹೇಳುವುದು ಉತ್ಪ್ರೇಕ್ಷೆ. ಹಿಂದಿನ ಕಾಲದ ಅನಾಮಧೇಯ ರೈತರು ಅಂತಹ ಕೆಲವು ತಳಿಗಳನ್ನು ಆಗಲೇ ಉಳಿಸಿ ಬೆಳೆಸಿದ್ದರು. ಆದರೆ ಅವು ಚಳಿಗೆ ಬಾಡುತ್ತಿದ್ದುವು, ಇಲ್ಲವೆ ಸಣ್ಣಗಿರುತ್ತಿದ್ದುವು, ಇಲ್ಲವೆ ಹಣ್ಣು ರುಚಿಯಾಗಿರುತ್ತಿರಲಿಲ್ಲ. ಒಂದರ ಮೃದುತ್ವ, ಇನ್ನೊಂದರ ಗಡಸುತನ, ಮತ್ತೊಂದರ ಹಣ್ಣು ಇವನ್ನು ಒಂದೇ ಗಿಡದಲ್ಲಿ ಕೂಡಿಸುವುದು ಅವನ ಗುರಿಯಾಗಿತ್ತು.

ಆ ಕೆಲಸ ದೇಹಕ್ಕೆ ದೊಡ್ಡ ಶಿಕ್ಷೆಯಾಯಿತು. ಕಳ್ಳಿಯ ದೊಡ್ಡ ಮುಳ್ಳುಗಳಿಂದ ತಪ್ಪಿಸಿಕೊಳ್ಳಬಹುದು. ಆದರೆ ಪ್ರತಿಯೊಂದು ಮುಳ್ಳಿನ ಬುಡದಲ್ಲಿಯೂ ಕೂದಲಿಗಿಂತ ಸಣ್ಣದಾದ, ಕೊಕ್ಕೆಯುಳ್ಳ ಮುಳ್ಳುಗಳ ಕುಚ್ಚು ಇರುತ್ತದೆ. ಮುಟ್ಟಿದರೆ ಸಾಕು, ನೂರಾರು ಚರ್ಮದೊಳಕ್ಕೆ ನುಗ್ಗುತ್ತವೆ. ಕೀಳಲು ಹೋದರೆ ಮುರಿಯುತ್ತವೆ. ಹೂ ಬಿಡುವ ಕಾಲದಲ್ಲಿ ದಿನವೆಲ್ಲ ಹೂವಿನಿಂದ ಹೂವಿಗೆ ಪರಾಗವನ್ನು ಒಯ್ಯುತ್ತಿದ್ದ ಬರ್ಬ್ಯಾಂಕನ ಕೈಗಳು ಈ ಮುಳ್ಳುಗಳಿಂದ ತುಂಬಿಹೋಗುತ್ತಿದ್ದುವು. ಕೀಳಲಾಗದೆ ಅವನು ಕ್ಷೌರದ ಕತ್ತಿಯಿಂದ ಹೆರೆದುಕೊಳ್ಳುತ್ತಿದ್ದನು, ಇಲ್ಲವೆ ಉಪ್ಪುಕಾಗದದಿಂದ ಉಜ್ಜಿಕೊಳ್ಳುತ್ತಿದ್ದನು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ವರ್ಷಗಳ ಕಾಲ ಪ್ರತಿ ಹೂಗಾಲವೂ ಹೀಗೆಯೇ ಕಳೆಯಿತು.

ಬೀಜದಿಂದ ಎದ್ದ ಕಳ್ಳಿಯ ಸಸಿ ನೋಡಲು ಬಲು ಸಣ್ಣದು. ಮೊದಲು ಎರಡು ದಳಗಳು, ಅವುಗಳ ನಡುವೆ ಒಂದು ಗುಂಡಗಿನ ಹಸುರು ಮೊಗ್ಗು. ಆ ಮೊಗ್ಗಿನ ಮೇಲೆಯೇ ಮುಳ್ಳು ತಲೆಯೆತ್ತುತ್ತದೆ. ಮುಳ್ಳಿಲ್ಲದ ಎರಡು ಗಿಡಗಳನ್ನು ಕೂಡಿಸಿದರೂ ಮಕ್ಕಳಲ್ಲಿ ಅಜ್ಜನ ಮುಳ್ಳು ಮರಳಿ ಬರುವುದುಂಟು. ಬರ್ಬ್ಯಾಂಕನು ಸಾವಿರಾರು ಸಸಿಗಳನ್ನು ಎಬ್ಬಿಸಿ, ಮುಳ್ಳು ಕಂಡವುಗಳನ್ನು ಎಸೆದು, ಬೆರಳೆಣಿಕೆಯಷ್ಟನ್ನು ಉಳಿಸಿ, ಅವು ಹೂ ಬಿಡುವವರೆಗೆ ವರ್ಷಗಟ್ಟಲೆ ಕಾದು, ಮತ್ತೆ ಸಂಕರಗೊಳಿಸಿದನು. ಕೊನೆಗೆ ಕೆನ್ನೆಗೆ ಸವರಿಕೊಳ್ಳಬಹುದಾದಷ್ಟು ನುಣುಪಾದ ಹಲಗೆಗಳುಳ್ಳ ಗಿಡಗಳು ಸಿದ್ಧವಾದುವು. 1907ರಲ್ಲಿ ಅವನು ಈ ಹೊಸ ಕಳ್ಳಿಗಳ ಸೂಚೀಪತ್ರವನ್ನು ಅಚ್ಚು ಹಾಕಿಸಿ ಹೊರತಂದನು. ಆಸ್ಟ್ರೇಲಿಯದ ಜಾನ್ ರಟ್ಲೆಂಡ್ ಎಂಬ ಸಸಿವ್ಯಾಪಾರಿ ಕೆಲವು ತಳಿಗಳ ಹಕ್ಕನ್ನು ಕೊಂಡನು. ಪತ್ರಿಕೆಗಳು ಬರ್ಬ್ಯಾಂಕನನ್ನು ಸಸ್ಯಲೋಕದ ಮಾಂತ್ರಿಕನೆಂದು ಕೊಂಡಾಡಿದುವು.

ಮಾಂತ್ರಿಕನೆಂಬ ಹೆಸರು ಅವನಿಗೆ ಲಾಭವನ್ನೂ ತಂದಿತು, ಕೇಡನ್ನೂ ತಂದಿತು. ವಿಜ್ಞಾನಿಗಳು ಅವನ ತೋಟಕ್ಕೆ ಬಂದು ನೋಡಿ ಬೆರಗಾದರು. 1904ರಲ್ಲಿ ಹಾಲೆಂಡಿನ ಹ್ಯೂಗೋ ಡಿ ವ್ರೀಸ್ ಕೂಡ ಬಂದಿದ್ದನು. 1905ರಲ್ಲಿ ಕಾರ್ನೆಗಿ ಸಂಸ್ಥೆ ವರ್ಷಕ್ಕೆ ಹತ್ತು ಸಾವಿರ ಡಾಲರಿನ ನೆರವನ್ನು ಕೊಟ್ಟು, ಅವನ ವಿಧಾನಗಳನ್ನು ಬರೆದಿಡಲು ಜಾರ್ಜ್ ಶಲ್ ಎಂಬ ತರುಣ ವಿಜ್ಞಾನಿಯನ್ನು ಕಳುಹಿಸಿತು. ಆದರೆ ಬರೆದಿಡಲು ದಾಖಲೆಗಳೇ ಸರಿಯಾಗಿರಲಿಲ್ಲ. ಯಾವ ಗಿಡಕ್ಕೆ ಯಾವುದನ್ನು ಕೂಡಿಸಿದೆ, ಎಷ್ಟು ಸಸಿಗಳಲ್ಲಿ ಎಷ್ಟು ಹೇಗೆ ಬಂದುವು ಎಂಬ ಲೆಕ್ಕವನ್ನು ಬರ್ಬ್ಯಾಂಕನು ಇಡುತ್ತಿರಲಿಲ್ಲ. ಮೆಂಡಲನ ಅನುವಂಶೀಯತೆಯ ನಿಯಮಗಳು ಆಗ ಹೊಸದಾಗಿ ಬೆಳಕಿಗೆ ಬಂದಿದ್ದರೂ ಅವು ಅವನ ಮನಸ್ಸಿಗೆ ಹಿಡಿಸಲಿಲ್ಲ. ಕೆಲವು ವರ್ಷಗಳಲ್ಲಿ ಸಂಸ್ಥೆ ನೆರವನ್ನು ನಿಲ್ಲಿಸಿತು. ಅವನ ಕಣ್ಣು ಅಸಾಧಾರಣವಾದುದು; ಆದರೆ ಒಬ್ಬನ ಕಣ್ಣಿನಲ್ಲಿರುವ ವಿದ್ಯೆಯನ್ನು ಇನ್ನೊಬ್ಬನು ಕಲಿಯುವಂತಿರಲಿಲ್ಲ.

ಕಳ್ಳಿಯ ವಿಷಯದಲ್ಲಿ ಕೇಡು ಇನ್ನೂ ದೊಡ್ಡದಾಗಿ ಬಂದಿತು. ಎಕರೆಗೆ ನೂರಾರು ಟನ್ ಮೇವು ಬರುತ್ತದೆ, ಮರುಭೂಮಿಯಲ್ಲಿ ತಾನೇ ಬೆಳೆಯುತ್ತದೆ ಎಂದು ಪ್ರಚಾರವಾಯಿತು. ಕೃಷಿ ಇಲಾಖೆಯ ಡೇವಿಡ್ ಗ್ರಿಫಿತ್ಸ್ ಎಂಬ ಕಳ್ಳಿತಜ್ಞನು ಇದನ್ನು ಒಪ್ಪಲಿಲ್ಲ. ಮುಳ್ಳಿಲ್ಲದ ತಳಿಗಳು ಕಡುಚಳಿಯನ್ನು ತಾಳಲಾರವು. ಒಳ್ಳೆಯ ನೆಲವೂ ಸಾಕಷ್ಟು ನೀರೂ ಇದ್ದರೆ ಮಾತ್ರ ಹೇಳಿದಷ್ಟು ಮೇವು ಬರುತ್ತದೆ. ಇಷ್ಟೇ ಅಲ್ಲದೆ, ಮುಳ್ಳು ಕಳ್ಳಿಯ ಕಾವಲುಗಾರ. ಕಾವಲುಗಾರನನ್ನು ತೆಗೆದುಹಾಕಿದ ಮೇಲೆ ಮೊಲವೂ ದನವೂ ಅದನ್ನು ಬುಡಸಹಿತ ತಿಂದುಹಾಕುತ್ತವೆ. ತೋಟಕ್ಕೆ ಬೇಲಿ ಹಾಕಬೇಕು, ಬೇಲಿಗೆ ಮತ್ತೆ ಹಣ ಬೇಕು. ಕಳ್ಳಿಗೆ ನೀರು ಬೇಡವೆಂಬುದು ಅರ್ಧ ಸತ್ಯ. ಬದುಕಿರಲು ಅದಕ್ಕೆ ನೀರು ಬಹಳ ಬೇಡ. ಬೆಳೆದು ಮೇವು ಕೊಡಬೇಕಾದರೆ ನೀರು ಬೇಕೇ ಬೇಕು. ಆ ಅರ್ಧ ಸತ್ಯವನ್ನು ನಂಬಿ ಎಷ್ಟೋ ಮಂದಿ ಬೆಂಗಾಡನ್ನು ಕೊಂಡು ಕಳ್ಳಿ ನೆಟ್ಟರು.

1912ರಲ್ಲಿ ಬರ್ಬ್ಯಾಂಕನ ಗಿಡಗಳನ್ನು ಮಾರಲು ಅವನ ಹೆಸರಿನಲ್ಲಿಯೇ ಒಂದು ಕಂಪನಿ ಹುಟ್ಟಿತು. ವ್ಯಾಪಾರದ ಜಂಜಾಟ ತಪ್ಪುವುದೆಂದು ಅವನು ಎಲ್ಲವನ್ನೂ ಇತರರ ಕೈಗೆ ಒಪ್ಪಿಸಿದನು. ಅವನ ಹೆಸರನ್ನು ನಂಬಿ ಜನ ಪಾಲುಪತ್ರಗಳನ್ನು ಕೊಂಡರು, ಕಳ್ಳಿಯ ಹಲಗೆಗಳಿಗಾಗಿ ಮುಗಿಬಿದ್ದರು. ಬೇಡಿಕೆ ಏರಿದಂತೆ ತೋಟದಲ್ಲಿದ್ದ ಹಲಗೆಗಳು ಸಾಲದಾದುವು. ಆಗ ಕಂಪನಿಯವರು ಸಾಮಾನ್ಯವಾದ ಮುಳ್ಳುಕಳ್ಳಿಯನ್ನು ತಂದು, ಮುಳ್ಳುಗಳನ್ನು ಉಜ್ಜಿ ತೆಗೆದು, ಮುಳ್ಳಿಲ್ಲದ ಕಳ್ಳಿಯೆಂದು ಮಾರಿದರು. ರೈತನು ನೆಟ್ಟ ಹಲಗೆ ಬೇರು ಬಿಟ್ಟು ಚಿಗುರಿತು, ಚಿಗುರಿನಲ್ಲಿ ಮುಳ್ಳಿದ್ದಿತು. ಕೈಯಲ್ಲಿದ್ದ ಹಣವೂ ಹೋಗಿ ಹೊಲದಲ್ಲಿ ಮುಳ್ಳು ಉಳಿದ ಆ ರೈತನು ಶಪಿಸಿದುದು ಕಂಪನಿಯನ್ನಲ್ಲ, ಬರ್ಬ್ಯಾಂಕನನ್ನು. ಅವನಿಗೂ ಕಂಪನಿಯಿಂದ ಬರಬೇಕಾದ ಹಣ ಬರಲಿಲ್ಲ. ಬಾಕಿಗಾಗಿ ದಾವೆ ಹೂಡಬೇಕಾಯಿತು. 1916ರ ಹೊತ್ತಿಗೆ ಕಂಪನಿ ದಿವಾಳಿಯೆದ್ದಿತು. ಮೋಸ ಅವನು ಮಾಡಿದುದಲ್ಲ. ಆದರೂ ತನ್ನ ಹೆಸರನ್ನು ಯಾರ ಕೈಗೆ ಕೊಡುತ್ತಿದ್ದೇನೆಂದು ನೋಡುವ ಹೊಣೆ ಅವನದೇ ಆಗಿತ್ತು. ಪ್ರಚಾರದ ಅತಿಶಯೋಕ್ತಿಗಳಲ್ಲಿ ಕೆಲವು ಅವನ ಬಾಯಿಂದಲೇ ಬಂದಿದ್ದುವು. ಸಾವಿರ ಸಸಿಗಳಲ್ಲಿ ಕೆಟ್ಟುದನ್ನು ಒಂದೇ ನೋಟದಲ್ಲಿ ಹೆಕ್ಕುತ್ತಿದ್ದ ಕಣ್ಣು ಮನುಷ್ಯರ ಮುಂದೆ ಮಂಕಾಯಿತು.

ಕಳ್ಳಿಯ ಇನ್ನೊಂದು ಮುಖ ಅದೇ ವರ್ಷಗಳಲ್ಲಿ ಆಸ್ಟ್ರೇಲಿಯದಲ್ಲಿ ಕಾಣಿಸಿತು. ಬರ್ಬ್ಯಾಂಕನಿಗಿಂತ ಬಹು ಹಿಂದೆಯೇ ಅಲ್ಲಿಗೆ ಹೋಗಿದ್ದ ಮುಳ್ಳುಕಳ್ಳಿ ತಡೆಯಿಲ್ಲದೆ ಹಬ್ಬಿ, 1920ರ ದಶಕದಲ್ಲಿ ಕೋಟ್ಯಂತರ ಎಕರೆಗಳನ್ನು ನುಂಗಿತ್ತು. ರೈತರು ಮನೆಮಠಗಳನ್ನು ಬಿಟ್ಟು ಹೋದರು. ಅರ್ಜೆಂಟೀನದಿಂದ ಒಂದು ಪತಂಗವನ್ನು ತರಿಸಿ 1926ರಲ್ಲಿ ಹೊರಬಿಟ್ಟ ಮೇಲೆ, ಅದರ ಹುಳುಗಳು ಕೆಲವೇ ವರ್ಷಗಳಲ್ಲಿ ಕಳ್ಳಿಯನ್ನು ತಿಂದು ನೆಲವನ್ನು ಬಿಡಿಸಿದುವು. ದಕ್ಷಿಣ ಭಾರತದಲ್ಲಿ ಹೊಲಗಳನ್ನು ಆಕ್ರಮಿಸಿದ್ದ ಪಾಪಾಸುಕಳ್ಳಿಯನ್ನು ಅಡಗಿಸಿದುದೂ ಹೀಗೆಯೇ ಹೊರಗಿನಿಂದ ತಂದ ಒಂದು ಕೀಟ; ಬಿಳಿಯ ಹತ್ತಿಯಂತೆ ಹಲಗೆಗೆ ಅಂಟಿಕೊಂಡು ರಸ ಹೀರುವ ಕಾಚಿನೀಲ್ ಹುಳು. ಇಲ್ಲಿಯೂ ಅದನ್ನು ಬಿಟ್ಟ ವರ್ಷ 1926.

ಕಂಪನಿ ಮುಳುಗಿದ ಮೇಲೆ ಬರ್ಬ್ಯಾಂಕನು ತೋಟದ ಕೆಲಸಕ್ಕೆ ಮರಳಿದನು. 1916ರಲ್ಲಿ ಎಲಿಜಬೆತ್ ವಾಟರ್ಸಳನ್ನು ಮದುವೆಯಾದನು. ಅವನನ್ನು ಕಾಣಲು ಬರುವವರ ಸಂಖ್ಯೆ ಕಡಮೆಯಾಗಲಿಲ್ಲ. ಎಡಿಸನ್, ಹೆನ್ರಿ ಫೋರ್ಡ್ ಮೊದಲಾದವರು ಅವನ ತೋಟದಲ್ಲಿ ನಡೆದಾಡಿದ್ದರು. ಭಾರತದಿಂದ ಹೋಗಿದ್ದ ಪರಮಹಂಸ ಯೋಗಾನಂದರು ಅವನ ಆಪ್ತರಾದರು. 1946ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯನ್ನು ಅವರು ಅರ್ಪಿಸಿದುದು ಬರ್ಬ್ಯಾಂಕನ ನೆನಪಿಗೆ. ಕಳ್ಳಿಗಳ ನಡುವೆ ನಿಂತು, ಹೆದರಬೇಡಿರಿ, ನಿಮ್ಮನ್ನು ಕಾಯಲು ನಾನಿದ್ದೇನೆ, ಮುಳ್ಳುಗಳನ್ನು ಬಿಟ್ಟುಬಿಡಿರೆಂಬ ಭಾವದಲ್ಲಿ ಅವನು ಗಿಡಗಳೊಡನೆ ಮಾತನಾಡುತ್ತಿದ್ದನೆಂಬ ಸಂಗತಿ ಆ ಗ್ರಂಥದಿಂದಲೇ ಪ್ರಸಿದ್ಧವಾಯಿತು. ಅವನು ಮಾತನಾಡಿದುದು ನಿಜವಿರಬಹುದು. ಆದರೆ ಮಾತು ಕೇಳಿದ ಗಿಡಗಳಲ್ಲಿ ಬಹುಪಾಲು ಬೆಂಕಿಗೆ ಹೋದುವೆಂಬುದನ್ನೂ ಮರೆಯುವಂತಿಲ್ಲ.

1926ರ ಜನವರಿಯಲ್ಲಿ, ಧರ್ಮದ ವಿಷಯದಲ್ಲಿ ತಾನು ಸ್ವತಂತ್ರ ವಿಚಾರದವನೆಂದು ಅವನು ಪತ್ರಿಕೆಯೊಂದಕ್ಕೆ ತಿಳಿಸಿದನು. ನರಕವನ್ನು ತೋರಿಸಿ ಹೆದರಿಸುವ ದೇವರನ್ನು ಅವನು ಒಪ್ಪುತ್ತಿರಲಿಲ್ಲ. ದೇಶದ ನಾನಾ ಕಡೆಗಳಿಂದ ಪತ್ರಗಳ ರಾಶಿ ಬಂದಿತು. ಬಹುಮಂದಿ ಬೈದು ಬರೆದಿದ್ದರು. ಎಪ್ಪತ್ತೇಳನೆಯ ವಯಸ್ಸಿನ ವೃದ್ಧನು ಅವುಗಳಿಗೆ ಉತ್ತರ ಕೊಡಲು ಹೆಣಗಿದನು. ಮಾರ್ಚ್ ತಿಂಗಳಿನಲ್ಲಿ ಹೃದಯಾಘಾತವಾಯಿತು. ಏಪ್ರಿಲ್ 11ರಂದು ಅವನು ತೀರಿಕೊಂಡನು. ಮನೆಯ ಮುಂದೆ ತಾನೇ ನೆಟ್ಟಿದ್ದ ದೇವದಾರು ಮರದ ಬುಡದಲ್ಲಿ ಅವನನ್ನು ಮಣ್ಣು ಮಾಡಿದರು; ಗೋರಿಯ ಕಲ್ಲನ್ನು ನೆಡಲಿಲ್ಲ. ಆ ಮರವೂ ಈಗ ಇಲ್ಲ.

ಹೊಸ ಯಂತ್ರವನ್ನು ಕಂಡುಹಿಡಿದವನಿಗೆ ಅದರ ಮೇಲೆ ಹಕ್ಕಿದ್ದಿತು; ಹೊಸ ಗಿಡವನ್ನು ಹುಟ್ಟಿಸಿದವನಿಗೆ ಇರಲಿಲ್ಲ. ಈ ಅನ್ಯಾಯವನ್ನು ಬರ್ಬ್ಯಾಂಕನು ಜೀವನವೆಲ್ಲ ಅನುಭವಿಸಿದನು. ಅವನ ಹೆಸರನ್ನು ಮುಂದಿಟ್ಟುಕೊಂಡು ನಡೆದ ವಾದದಿಂದ 1930ರಲ್ಲಿ ಅಮೆರಿಕೆಯ ಶಾಸನಸಭೆ ಸಸ್ಯಗಳಿಗೂ ಹಕ್ಕುಪತ್ರ ಕೊಡುವ ಕಾಯಿದೆಯನ್ನು ಮಾಡಿತು. ಅವನು ಸತ್ತ ಮೇಲೆ ಅವನ ಹಲವು ತಳಿಗಳಿಗೆ ಹಕ್ಕುಪತ್ರ ದೊರೆಯಿತು. ಕ್ಯಾಲಿಫೋರ್ನಿಯದಲ್ಲಿ ಅವನು ಹುಟ್ಟಿದ ಮಾರ್ಚ್ 7ನ್ನು ಮರ ನೆಡುವ ದಿನವಾಗಿ ಆಚರಿಸುತ್ತಾರೆ.

ಮುಳ್ಳಿಲ್ಲದ ಕಳ್ಳಿ ಅವನ ದೇಶದಲ್ಲಿ ಬಹುಮಟ್ಟಿಗೆ ಮರೆತುಹೋಯಿತು. ಆದರೆ ಅದರ ಹಲಗೆಗಳು ಬೇರೆ ನೆಲಗಳನ್ನು ಹುಡುಕಿಕೊಂಡುವು. 1914ರ ಸುಮಾರಿನಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ಅವನ ತಳಿಗಳು ಅಲ್ಲಿನ ಒಣ ಪ್ರದೇಶದಲ್ಲಿ ನೆಲೆಯೂರಿ, ಇಂದಿಗೂ ಕುರಿದನಗಳಿಗೆ ಮೇವನ್ನೂ ಮನುಷ್ಯರಿಗೆ ಹಣ್ಣನ್ನೂ ಕೊಡುತ್ತಿವೆ. ಉತ್ತರ ಆಫ್ರಿಕದಲ್ಲಿಯೂ ಈಶಾನ್ಯ ಬ್ರೆಜಿಲಿನಲ್ಲಿಯೂ ಮುಳ್ಳಿಲ್ಲದ ಕಳ್ಳಿಯೇ ಬರಗಾಲದ ಮೇವು. ಭಾರತದಲ್ಲಿ ಝಾನ್ಸಿಯ ಮೇವು ಸಂಶೋಧನ ಸಂಸ್ಥೆ, ಜೋಧಪುರದ ಒಣಭೂಮಿ ಸಂಶೋಧನ ಸ್ಥಳ ಇವುಗಳಲ್ಲಿ ಇಂತಹ ಕಳ್ಳಿಯನ್ನು ನೆಟ್ಟು, ದನಗಳಿಗೆ ಒಣಹುಲ್ಲಿನ ಜೊತೆಗೆ ಎಷ್ಟು ಕೊಡಬಹುದೆಂದು ಪರೀಕ್ಷಿಸಿದ್ದಾರೆ. ಇದೊಂದನ್ನೇ ತಿನ್ನಿಸಿದರೆ ನೀರು ಹೆಚ್ಚಾಗಿ ದನಗಳಿಗೆ ಭೇದಿಯಾಗುತ್ತದೆ. ಸಾಂತಾ ರೋಸಾದ ಹಳೆಯ ತೋಟದಲ್ಲಿ ಗಾಜಿನ ಮನೆಯೂ ಉಳಿದಿದೆ, ಮುಳ್ಳಿಲ್ಲದ ಕಳ್ಳಿಯೂ ಆಳೆತ್ತರವನ್ನು ಮೀರಿ ಬೆಳೆದು ನಿಂತಿದೆ. ಅದರ ಹಣ್ಣಿನ ಬೀಜಗಳನ್ನು ಬಿತ್ತಿದರೆ ಮುಳ್ಳಿನ ಸಸಿಗಳು ಏಳಬಹುದು. ಆದುದರಿಂದ ಅದನ್ನು ಬೆಳೆಸುವವರು ಬೀಜವನ್ನು ಮುಟ್ಟದೆ, ಒಂದು ಹಲಗೆಯನ್ನು ಕತ್ತರಿಸಿ, ನೆರಳಿನಲ್ಲಿ ಬಾಡಿಸಿ, ಮರಳುಮಣ್ಣಿನಲ್ಲಿ ನೆಡುತ್ತಾರೆ.